ಕೂಸಿನ ಸಕ್ಕರಿ

ನಮ್ಮತ್ತಿ ಕರೆಮ್ಮನ ದನಿ ಹೊಲದಲ್ಲಿ ಬೆಳೆದದ್ದು. ಚಿಕ್ಕಂದಿನಲ್ಲಿ ಜೋಳದ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿ ಕಾಯುತ್ತಿದ್ದಳಂತೆ. "ನಾ ಹೋ ಅಂದ್ರ ಬಳಿಚಕ್ರದ ಗಿಣಿ ರಾಮಸಮುದ್ರಕ್ಕ ಹೋಗಿ ಕೂಡ್ತಿದ್ವು" ಎಂದು ಈಗಲೂ ಕೊಚ್ಚಿಕೊಳ್ಳುತ್ತಾಳೆ. ಆ ದನಿಯೇ ಮುಂದೆ ಅವಳನ್ನು ಧರಣಿಗಳಿಗೆ ಎಳೆದುಕೊಂಡು ಹೋಯಿತು. ಕೂಲಿ ಕೆಲಸ ಕೊಡಿ ಎಂದು ಶಹಾಪುರದಲ್ಲಿ ಕೂತರೂ, ಕುಡಿಯುವ ನೀರಿಗೆಂದು ಯಾದಗಿರಿಯಲ್ಲಿ ಕೂತರೂ ಘೋಷಣೆಯ ಮೊದಲ ಮಾತು ಅವಳದೇ. ಉಳಿದವರದು ಅದರ ಹಿಂದೆ.

ಆಗ ಅವಳ ಪಕ್ಕದಲ್ಲಿ ಹಂಪಣ್ಣ ಇರುತ್ತಿದ್ದ. ಸೈಕಲ್ ಮೇಲೆ ಊರೂರು ತಿರುಗಿ ಕೂಲಿಕಾರರ ಸಂಘ ಕಟ್ಟಿದವನು. ಹಸಿದಾಗ ನಮ್ಮ ಮನೆಗೇ ಬರುತ್ತಿದ್ದ. ಅತ್ತಿ ರೊಟ್ಟಿ ಬಡಿಯುತ್ತಿದ್ದಳು, ಅವನು ಒಲೆಯ ಮುಂದೆ ಕೂತು ಉಣ್ಣುತ್ತ ಮನವಿ ಓದಿ ಹೇಳುತ್ತಿದ್ದ. ಅವಳನ್ನು ಅವ್ವ ಎಂದೇ ಕರೆಯುತ್ತಿದ್ದ.

ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವನು ಪಕ್ಷ ಸೇರಿದ್ದ. ಆಮೇಲೆ ಯಾವುದೋ ಮಂಡಳಿಗೆ ಅಧ್ಯಕ್ಷನೂ ಆದ. ಆ ದಿನ ಅತ್ತಿ ಓಣಿಗೆಲ್ಲ ಸಾರಿದಳು: "ಇನ್ನ ನಾವು ಬಿಸಲಾಗ ಕೂಡೋದು ಮುಗೀತು ನೋಡ್ರಿ. ಒಳಗ ನಮ್ಮವ ಕುಂತಾನ."

ಮುಗಿದದ್ದು ಬಿಸಿಲಲ್ಲ, ಕೂಡುವುದು. ಏನಾದರೂ ಆದರೆ ಹಂಪಣ್ಣ, "ಯವ್ವ, ಹೊರಗ್ಯಾಕ ಕೂಡ್ತಿ? ನನಗೊಂದು ಫೋನ್ ಹಚ್ಚು" ಅನ್ನುತ್ತಿದ್ದ. ಇವಳು ಹಚ್ಚುತ್ತಿದ್ದಳು. ಬೇರೆ ಯಾರೋ ಎತ್ತಿ, "ಸಾಹೇಬ್ರು ಮೀಟಿಂಗ್‌ನಾಗ ಅದಾರ" ಅನ್ನುತ್ತಿದ್ದರು. ಹೀಗೆ ಫೋನ್ ಹಚ್ಚುತ್ತ ಹಚ್ಚುತ್ತ ಸಂಘದ ಹೆಂಗಸರು ಒಬ್ಬೊಬ್ಬರೇ ತಮ್ಮ ಪಾಡಿಗೆ ಹತ್ತಿ ಬಿಡಿಸಲು ಹೋದರು.

ಅತ್ತಿ ಮತ್ತೆ ಎದ್ದದ್ದು ಮಗಳಿಗಾಗಿ. ನಾದಿನಿ ಪಂಚಶೀಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಊರಲ್ಲಿ ಹೆರಿಗೆಗೆಂದು ಕಟ್ಟಿದ ಉಪಕೇಂದ್ರ ಇದೆ, ಸುಣ್ಣ ಹೊಡೆದು ಚೆಂದವಾಗಿದೆ, ಬಾಗಿಲಿಗೆ ಕೀಲಿ. ನರ್ಸಬಾಯಿಯ ಹುದ್ದೆ ನಮ್ಮೂರಿನದು, ಕೆಲಸ ಮಾತ್ರ ಇನ್ನೆಲ್ಲೋ. ನಾನು ತವರಿಗೆ ಹೊರಡುವ ಮೊದಲೇ ನೋವು ಬಂದು, ನನ್ನ ಕೂಸು ಹುಟ್ಟಿದ್ದು ಯಾದಗಿರಿ ದಾರಿಯ ಟಂಟಂ ಆಟೋದಲ್ಲಿ. ಅತ್ತಿ ಸೀರೆ ಅಡ್ಡ ಹಿಡಿದು ನಿಂತಿದ್ದಳು. ಸಣ್ಣ ಮಳೆಗೇ ಹಳ್ಳ ತುಂಬಿ ರಸ್ತೆ ಮುಚ್ಚುವ ಊರು ನಮ್ಮದು. "ಸೊಸಿದು ಹೆಂಗೋ ಪಾರಾತು. ಮಗಳದು ಹಂಗ ಬ್ಯಾಡ. ಮಳಿ ಹತ್ತೂದ್ರಾಗ ನರ್ಸಬಾಯಿ ಬರಬೇಕು" ಎಂದು ಮನೆಮನೆ ತಿರುಗಿ ಹೆಂಗಸರನ್ನು ಕೂಡಿಸಿದಳು. ಯಾದಗಿರಿಯ ದೊಡ್ಡ ಕಚೇರಿಯ ಮುಂದೆ ಪೆಂಡಾಲು ಬಿತ್ತು. ಸರದಿ ಉಪವಾಸ: ದಿನಕ್ಕೊಬ್ಬರು ಹಸಿದಿರುವುದು, ಉಳಿದವರು ಜೊತೆಗೆ ಕೂಡುವುದು.

ಬಿಸಿಲಿಗೆ ಕೂಸು ಮೈತುಂಬ ಬೆವರುಸಾಲೆ ಎಬ್ಬಿಸಿಕೊಂಡಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸುತ್ತ ನಾನೂ ಕೂತಿದ್ದೆ. ಕೊನೆಗೆ ಅಧಿಕಾರಿ ಹೊರಗೆ ಬಂದು, ನರ್ಸಬಾಯಿಯನ್ನು ಊರಿಗೆ ಕಳಿಸುವ ಆದೇಶವನ್ನು ನಾಳೆ ತಂದು ಇದೇ ಪೆಂಡಾಲಿನಲ್ಲಿ ಕೊಡುತ್ತೇನೆ ಎಂದರು. ಮರುದಿನ ಉಪವಾಸದ ಸರದಿ ಅತ್ತಿಯದು.

ಅಂದು ಮಧ್ಯಾಹ್ನ ಕಾರು ಬಂದು ನಿಂತಿತು. ಹಂಪಣ್ಣ, ಜೊತೆಗೆ ಫೋನ್ ಹಿಡಿದ ಇಬ್ಬರು ಹುಡುಗರು.

"ಜಲ್ದಿ ಚಾಪಿ ಹಾಸ್ರಿ, ಅಧ್ಯಕ್ಷರ ಇಸ್ತ್ರಿ ಮುರೀತದ" ಎಂದಳು ಮೌನೇಶ್ವರಿ. ಅವಳೂ ಐದು ತಿಂಗಳ ಬಸುರಿ, ನಮ್ಮ ಓಣಿಯವಳೇ.

ಹಂಪಣ್ಣ ನಕ್ಕು, ನೆಲದ ಮೇಲೇ ಅತ್ತಿಯ ಮುಂದೆ ಕೂತ. "ಬೈರಿ ಅಕ್ಕಾರ, ಬೈಸ್ಕೊಳ್ಳಾಕೇ ಬಂದೀನಿ. ಯವ್ವ, ಎಷ್ಟ್ ಬಾಡೀದಿ!"

"ನೀರ ಬಿಟ್ರ ಏನೂ ಒಲ್ಲೆ. ಶರಬತ್ ತಂದಿದ್ರ ವಾಪಸ್ ಒಯ್ಯಿ" ಎಂದಳು ಅತ್ತಿ. ಅಧಿಕಾರಸ್ಥರು ಕೈಯಾರೆ ಶರಬತ್ ಕುಡಿಸಿದರೆ ಧರಣಿ ಮುಗಿದಂತೆ ಎನ್ನುವುದು ಅವಳಿಗೆ ಹೊಸದೇನಲ್ಲ.

"ಶರಬತ್ ಅಲ್ಲವ್ವ. ನನಗ ಹೆಣ್ಣು ಕೂಸು ಹುಟ್ಟ್ಯಾಳ. ನೀ ಅಜ್ಜಿ ಆದಿ." ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಸಕ್ಕರೆ.

ನಮ್ಮ ಕಡೆ ಕೂಸಿನ ಸಕ್ಕರೆಗೆ ಯಾರೂ ಬಾಯಿ ಮುಚ್ಚುವುದಿಲ್ಲ. ಮಾತು ಬಿಟ್ಟವರ ಮನೆಯದಾದರೂ ತೆಗೆದುಕೊಳ್ಳಬೇಕು. ಒಲ್ಲೆ ಅಂದರೆ ಕೂಸಿನ ಬಾಳಿಗೆ ಒಲ್ಲೆ ಅಂದ ಹಾಗೆ. ಅತ್ತಿ ಒಂದು ಗಳಿಗೆ ಅವನ ಕೈ ನೋಡಿದಳು, ಮುಖ ನೋಡಿದಳು. ಆಮೇಲೆ ಬಾಯಿ ತೆರೆದಳು. "ನೂರು ವರ್ಷ ಬಾಳ್ಲಿ" ಅಂದಳು. ಹುಡುಗರ ಫೋನುಗಳು ಮೇಲೆದ್ದವು.

ಅವನು ಕಾಲು ಮುಟ್ಟಿ ಹೋದ. ನಾವು ಅಧಿಕಾರಿಯ ದಾರಿ ಕಾಯುತ್ತ ಕೂತೆವು. ಅವರ ಬದಲು ಪೆಂಡಾಲಿನವನು ಬಂದು ಹಗ್ಗ ಬಿಚ್ಚತೊಡಗಿದ. ಯಾಕೆಂದು ಕೇಳಿದರೆ ಫೋನ್ ತೋರಿಸಿದ. ಅತ್ತಿಯ ಬಾಯಿಗೆ ಹಂಪಣ್ಣನ ಕೈ. ಕೆಳಗೆ, ಅಧ್ಯಕ್ಷರ ಸಂಧಾನ ಸಫಲ, ಉಪವಾಸ ಅಂತ್ಯ. "ಮುಗೀತಲ್ಲ ಬೇ ನಿಮ್ಮದು?" ಎಂದ. ಕಚೇರಿಯ ಗೇಟಿನಲ್ಲೂ ಅದೇ ಮಾತು. ಆದೇಶ ತರುತ್ತೇನೆಂದಿದ್ದ ಅಧಿಕಾರಿ ಬೇರೆ ಊರಿಗೆ ಹೋಗಿದ್ದರು.

ಅತ್ತಿ ಹಂಪಣ್ಣನಿಗೆ ಫೋನ್ ಹಚ್ಚಿದಳು. ಅಂದು ಅವನೇ ಎತ್ತಿದ. "ಹುಡುಗ್ರು ಹಾಕ್ಯಾರವ್ವ, ತಿಳೀಲಿಲ್ಲ ಅವಕ್ಕ. ನರ್ಸಿಂದು ನಾ ಹೇಳೀನಿ, ಬರ್ತಾಳ. ನೀ ಆರಾಮ ಮನಿಗಿ ಹೋಗು."

ಬಸ್ಸಿನಲ್ಲಿ ಹೆಂಗಸರು ಅವಳ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತರು. ಮೌನೇಶ್ವರಿ ಇಳಿಯುವಾಗ ಅಂದಳು: "ಅವನ ಕೂಸು ಬಾಳ್ತದ ಅತ್ತಿ. ನಮ್ಮವು?"

ಮನೆಗೆ ಬಂದು ಅತ್ತಿ ಗೋಡೆಗೆ ಒರಗಿದಳು. "ಕೂಸಿಂದೇನು ತಪ್ಪು ಹೇಳು" ಎಂದು ನನ್ನನ್ನೇ ಕೇಳಿದಳು. ನಾನು ಮೊದಲು ಅವಳಿಗೆ ಅನ್ನ ಕಲಸಿ ಕೊಟ್ಟೆ. ಹಸಿದವಳ ಜೊತೆ ವಾದ ಮಾಡಿ ಏನು ಬರುತ್ತದೆ? ಅವನಿಗೆ ಕೂಸು ಹುಟ್ಟಿದ್ದು ಖರೆ. ಅವ್ವ ಅಂದದ್ದೂ ಖರೆಯೇ ಇದ್ದೀತು. ಆದರೆ ಫೋನಿನ ಹುಡುಗರನ್ನು ಜೊತೆಗೆ ಕರೆತಂದವನೂ ಅವನೇ.

ನರ್ಸಬಾಯಿ ಬರಲಿಲ್ಲ, ಮೋಡ ಬಂದವು. ನಾನು ಸುರಪುರಕ್ಕೆ ಫೋನ್ ಮಾಡಿ, ಪಂಚಶೀಲಾಳ ಹೆರಿಗೆ ನಿಮ್ಮಲ್ಲೇ ಆಗಲಿ ಎಂದು ನನ್ನ ಅವ್ವನಿಗೆ ಹೇಳಿದೆ. ನನ್ನ ತವರುಮನೆಯಿಂದ ದವಾಖಾನೆ ನಡೆಯುವಷ್ಟು ಹತ್ತಿರ. ಅತ್ತಿಗೆ ಅದು ನುಂಗಲಾರದ ತುತ್ತು. "ಚೊಚ್ಚಲ ಬಾಣಂತನ ಬೀಗರ ಮನ್ಯಾಗ ಮಾಡಿಸಿದ್ಲು ಅಂತಾರ ನನಗ."

"ಅಂದ್ರ ಅನ್ಲಿ ಬಿಡ್ರಿ ಅತ್ತಿ. ಟಂಟಂ ಬ್ಯಾಡ."

ನನ್ನ ಗಂಡ ಬುದ್ಧಪ್ರಿಯ ತಂಗಿಯನ್ನು ಬಸ್ಸಿಗೆ ಹತ್ತಿಸಿ ಕರೆದೊಯ್ದ. ಅತ್ತಿ ಬಸ್ಸು ಮರೆಯಾಗುವವರೆಗೆ ನಿಂತು ಹಾಗೆಯೇ ತಿರುಗಿದಳು. ಇನ್ನು ಸ್ವಲ್ಪ ಮಲಗುತ್ತಾಳೆ ಅಂದುಕೊಂಡಿದ್ದೆ. ಅವಳು ನಡೆದದ್ದು ಮೌನೇಶ್ವರಿಯ ಮನೆಗೆ. ಕೂಸನ್ನು ಬಗಲಿಗೇರಿಸಿ ನಾನೂ ಹಿಂದೆ ಹೋದೆ.

ಮೌನೇಶ್ವರಿ ಬಾಗಿಲಲ್ಲೇ ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ನಿಮ್ಮ ಮಗಳಿಗಿ ಸುರಪುರ ಸಿಕ್ತಲ್ಲ. ಮತ್ಯಾಕ ಬಂದೀರಿ?"

"ಅದಕ್ಕ ಬಂದೀನಿ. ನಿನಗ ಸುರಪುರ ಇಲ್ಲಲ್ಲ."

"ಮತ್ತ ಪೆಂಡಾಲ ಹಾಕ್ತೀರೇನು?"

"ಪೆಂಡಾಲಿನವ ಬರಾಂಗಿಲ್ಲ. ಬಿಸಲಾಗ ಕೂಡೂದು."

"ಅವ ಮತ್ತ ಬಂದ್ರ?"

"ಬರ್ಲಿ."

"ಮತ್ತೊಂದು ಕೂಸಿನ ಸಕ್ಕರಿ ತಂದ್ರ?"

ಅತ್ತಿ ಕಟ್ಟೆಯ ಮೇಲೆ ಕೂತಳು. ಮೊಣಕಾಲು ನೋಯುತ್ತಿತ್ತೇನೋ, ಎರಡೂ ಕೈಯಿಂದ ಒತ್ತಿಕೊಂಡಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದು ಮೌನೇಶ್ವರಿಗೂ ಗೊತ್ತು.

"ತಿಂತೀನಿ" ಎಂದಳು. "ಕೂಸಿಗಿ ಒಲ್ಲೆ ಅನ್ನಾಕ ನನಗ ಆಗಾಂಗಿಲ್ಲ. ತಿಂದು ಅಲ್ಲೇ ಕೂಡ್ತೀನಿ. ಯಾರು ಮುಗೀತು ಅಂದ್ರೂ ಏಳಾಂಗಿಲ್ಲ."

ಮೌನೇಶ್ವರಿ ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಬೀದಿಗೆ ಎಸೆದಳು. "ನೋಡೂಣು" ಅಂದಳು. ಅತ್ತಿ ತಲೆ ಆಡಿಸಿ, ನನ್ನ ಭುಜ ಹಿಡಿದು ಎದ್ದು, ಮುಂದಿನ ಮನೆಯ ಕಡೆ ನಡೆದಳು.