ಮುಳುಗುವ ಊರಿನ ದನಿಗಳು

ರಾಕ್ಷಸನ ದನಿ ತೆಗೆಯುವಾಗ ಮೇಲಿನ ಮನೆಯ ಅಕ್ಕನ ಕುತ್ತಿಗೆಯ ನರ ಬೆರಳಿನಷ್ಟು ದಪ್ಪಗೆ ಉಬ್ಬುತ್ತಿತ್ತು. ಸಣಕಲು ಹೆಂಗಸು, ಅಂಥ ದನಿ ಎಲ್ಲಿಂದ ಹೊರಡುತ್ತದೋ ತಿಳಿಯುತ್ತಿರಲಿಲ್ಲ. ಸಿಂಗಸಂದ್ರದ ನಮ್ಮ ಬಾಡಿಗೆ ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದರು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಹೊಸಬರಿಗೆ ತರಬೇತಿ ಕೊಡುವ ಕೆಲಸ.

ಅವರ ಪರಿಚಯವಾದ ವರ್ಷ ನನ್ನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ನಾನೂ ನನ್ನ ಗಂಡನೂ ಮಾತು ಕಳೆದುಕೊಂಡಿದ್ದೆವು. ಅಕ್ಕ ಅದರ ಬಗ್ಗೆ ಕೇಳಲೇ ಇಲ್ಲ. ಒಂದು ಭಾನುವಾರ ಬಾಗಿಲು ತಟ್ಟಿ, "ನಮ್ಮ ಗುಂಪಿಗೆ ಒಬ್ಳು ಕಳ್ಳಿ ಬೇಕು ಕಣೇ, ಬರ್ತೀಯಾ? ನಿನ್ ಗಂಡನ್ನೂ ಕರ್ಕೊಂಡ್ ಬಾ" ಎಂದರು.

ಅದು ಮೇಜಿನ ಸುತ್ತ ಕೂತು ಆಡುವ ಕಥೆಯ ಆಟ. ಅಕ್ಕ ಕಥೆ ನಡೆಸುತ್ತಿದ್ದರು, ಅದರಲ್ಲಿ ಎದುರಾಗುವವರೆಲ್ಲರ ದನಿಯೂ ಅವರದೇ. ನಾನು ಕಳ್ಳಿ, ನನ್ನ ಗಂಡ ಕತ್ತಿವೀರ, ಪಕ್ಕದ ಮನೆಯ ಅಣ್ಣ ತಂಗಿ ಮಂತ್ರಗಾರರು. ಏನು ಮಾಡುತ್ತೇವೆಂದು ನಾವು ಹೇಳಬೇಕು. ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಮನೆಯಲ್ಲಿ ತುಟಿ ಬಿಚ್ಚದ ನನ್ನ ಗಂಡ ಅಲ್ಲಿ, "ನೀನು ಬಾಗಿಲು ತೆಗಿ, ಹಿಂದೆ ನಾನಿದ್ದೀನಿ" ಎನ್ನುತ್ತಿದ್ದ.

ಹಳೆಯ ಕಾಲದ ಸಾಹಸಗಳ ತೆಳು ಪುಸ್ತಿಕೆಗಳು ಅಕ್ಕನ ಬಳಿ ಟ್ರಂಕು ತುಂಬ ಇದ್ದವು. ಒಂದೊಂದರಲ್ಲಿ ಆಡಲು ಒಂದೊಂದು ಕಥೆ. ಯಾವುದು ಎಲ್ಲಕ್ಕಿಂತ ಚೆನ್ನ ಎಂದು ಆಟ ಮುಗಿದ ಮೇಲೆ ಕಾಫಿ ಆರುವವರೆಗೂ ಕಿತ್ತಾಡುತ್ತಿದ್ದೆವು. ಮೊದಲ ಸ್ಥಾನ ಯಾವಾಗಲೂ ರಾಕ್ಷಸನ ಉಪ್ಪುಗಣಿ ಎಂಬ ಕಥೆಗೆ. "ಹೆದರಿಕೇನೇ ಇಲ್ದಿದ್ರೆ ಅದೆಂಥ ಸಾಹಸ?" ಎಂಬುದು ಅಕ್ಕನ ಮಾತು. ಕೊನೆಯ ಸ್ಥಾನ ಮುಳುಗುವ ಊರಿಗೆ. ಅದರಲ್ಲಿ ರಾಕ್ಷಸನಿಲ್ಲ, ನಿಧಿಯಿಲ್ಲ. ನೆರೆ ನುಗ್ಗಿದ ಊರಿನ ಜನರನ್ನು ದೋಣಿಯಲ್ಲಿ ದಾಟಿಸಬೇಕು, ದೋಣಿಯಲ್ಲಿ ಎಲ್ಲರಿಗೂ ಜಾಗ ಸಾಲದು.

ಅಕ್ಕನ ದನಿ ಒಡೆಯತೊಡಗಿದಾಗ ನೆಗಡಿಯೆಂದುಕೊಂಡೆವು. ಗಂಟಲ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು.

ಆಪರೇಷನ್ನಿನ ಹಿಂದಿನ ಭಾನುವಾರ ಎಲ್ಲರೂ ಸೇರಿದೆವು.

"ಇವತ್ತು ಉಪ್ಪುಗಣೀನೇ ಆಡೋಣ ಅಕ್ಕ," ಎಂದ ನನ್ನ ಗಂಡ.

"ಬೇಡ ಕಣೋ. ಮುಳುಗೋ ಊರು."

"ಅದು ಲಾಸ್ಟ್ ಅಲ್ವಾ?"

"ಗಣೀಲಿ ಇರೋದು ಒಂದೇ ರಾಕ್ಷಸ, ಒಂದೇ ದನಿ. ಇದ್ರಲ್ಲಿ ಒಂದಿಡೀ ಊರಿದೆ. ಎಲ್ಲರ ದನೀನೂ ಒಂದ್ಸಲ ಮಾಡ್ಬಿಡ್ತೀನಿ."

ಮಾಡಿದರು. ಅಂಬಿಗ, ಪೂಜಾರಿ, ಹಟ ಹಿಡಿದ ಮಗು, ಕುಡುಕ, ಬಸುರಿ. ನಡುನಡುವೆ ನೀರು ಗುಟುಕರಿಸಿ, ನೋವಿಗೆ ಕಣ್ಣು ಮುಚ್ಚಿ, ಮತ್ತೆ ಶುರು. ಕೊನೆಗೆ ದೋಣಿಯಲ್ಲಿ ಒಂದೇ ಜಾಗ ಉಳಿಯಿತು. ಮಾಡಿನ ಮೇಲೆ ಕೂತ ಮುದುಕಿ, ಅಕ್ಕನ ತವರಾದ ಆನೇಕಲ್ ಕಡೆಯ ಮಾತಿನಲ್ಲಿ ಹೇಳಿದಳು: "ಆ ಬಸ್ರೀನ ಕೂರಿಸ್ಕೊಳ್ರಪ್ಪ. ನಾನು ಇಂಗೇ ಕುಂತಿರ್ತೀನಿ, ಓಗಿ."

ಬಸುರಿಯನ್ನು ಹತ್ತಿಸಿದೆವು. ನನ್ನ ಜಾಗ ಬಿಟ್ಟುಕೊಡುತ್ತೇನೆಂದರೂ ಮುದುಕಿ ಮಾಡು ಬಿಟ್ಟು ಬರಲೊಪ್ಪಲಿಲ್ಲ. "ಅಜ್ಜಿ ಜೊತೆ ನಾನು ಇಳೀತೀನಿ" ಎಂದೆ. "ಅವಳು ಇಳಿದ್ರೆ ನಾನೂ" ಎಂದ ನನ್ನ ಗಂಡ. ದಾಳ ನಮ್ಮ ಪರ ಬೀಳಲಿಲ್ಲ. ನೀರು ಮಾಡಿನವರೆಗೂ ಏರಿ ನಮ್ಮಿಬ್ಬರನ್ನೂ ಮುದುಕಿಯನ್ನೂ ಕೊಂಡೊಯ್ಯಿತು. ಅಕ್ಕ ಪುಸ್ತಿಕೆ ಮುಚ್ಚಿ, ಒಡೆದ ದನಿಯಲ್ಲಿ, "ಇಷ್ಟು ದಿನ ತಪ್ಪು ಹೇಳಿದ್ವಿ. ಮೊದಲ್ನೇದು ಇದೇ" ಎಂದರು. ಅವರ ಬಾಯಿಂದ ನಾನು ಕೇಳಿದ ಕಡೆಯ ಮಾತು ಅದು.

ಆಮೇಲೆ ಬರೀ ಸನ್ನೆ. ರೋಗ ಶ್ವಾಸಕೋಶಕ್ಕೆ ಇಳಿಯಿತು. ಆಸ್ಪತ್ರೆಯ ಮಂಚದ ಪಕ್ಕ ಕೂತು ನಾನು ಕಥೆ ನಡೆಸಲು ಹೋದರೆ, ಕೈಯೆತ್ತಿ "ಇನ್ನೂ ಜೋರಾಗಿ" ಎಂದು ಸನ್ನೆ ಮಾಡುತ್ತಿದ್ದರು. ಆ ಕಥೆ ಮುಗಿಯುವ ಮುಂಚೆಯೇ ಹೋದರು.

ಆನೇಕಲ್ಲಿನ ಸ್ಮಶಾನದಲ್ಲಿ ಅವರ ತಮ್ಮ ನಮ್ಮ ಹತ್ತಿರ ಬಂದು, "ನೀವು ನಮ್ಮಕ್ಕಂಗೆ ಏನಾಗ್ಬೇಕು?" ಎಂದು ಕೇಳಿದರು.

"ಜೊತೇಲಿ ಆಟ ಆಡ್ತಿದ್ವಿ" ಎಂದ ನನ್ನ ಗಂಡ. ಅವರಿಗೆ ಅರ್ಥವಾದಂತೆ ಕಾಣಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಮೊದಲ ಸಲ ಮಗುವಿನ ಬಗ್ಗೆ ಮಾತಾಡಿದೆವು. ಅದಕ್ಕೊಂದು ಹೆಸರಿಟ್ಟಿದ್ದೆನೆಂದು ಹೇಳಿದೆ. ಅವನೂ ಒಂದು ಹೆಸರು ಇಟ್ಟುಕೊಂಡಿದ್ದನಂತೆ.