ಸೀಟಿ ಸಾಹೇಬರ ಭಾನುವಾರ

ಬಾಲ್ಯದ ಬೇಸಿಗೆ ರಜೆಗಳನ್ನೆಲ್ಲ ಮಕ್ಕಳ ವಸತಿ ಶಿಬಿರದಲ್ಲೇ ಕಳೆದ ಈ ಬ್ಯಾಂಕ್ ಮ್ಯಾನೇಜರಿಗೆ ಬೀದಿಯವರಿಟ್ಟ ಹೆಸರು ಸೀಟಿ ಸಾಹೇಬರು. ಬೆಳಗಾದರೆ ಶಿಬಿರದಲ್ಲಿದ್ದಂತೆಯೇ ಸೀಟಿ ಊದಿ ಮನೆಮಂದಿಯನ್ನೆಲ್ಲ ಬಚ್ಚಲಿನ ಮುಂದೆ ಸಾಲು ನಿಲ್ಲಿಸುತ್ತಾರೆ, ತಮ್ಮ ಬನೀನಿಗೂ ಹೆಸರು ಹೊಲಿಸಿಕೊಳ್ಳುತ್ತಾರೆ. "ರೀ, ನಿಮ್ಮ ಬನೀನನ್ನ ಇಲ್ಲಿ ಯಾರು ಕದೀತಾರೆ?" ಎಂದು ಹೆಂಡತಿ ಹಣೆ ಚಚ್ಚಿಕೊಂಡರೆ, "ಶಿಸ್ತು ಕಣೇ, ಶಿಸ್ತು!" ಎಂದು ಇನ್ನೊಮ್ಮೆ ಊದುತ್ತಾರೆ. ಬ್ಯಾಂಕಿನಲ್ಲಂತೂ ನರೆತ ಕ್ಯಾಷಿಯರು ಕೂಡ ಕಿರುಬೆರಳು ತೋರಿಸಿಯೇ ಎದ್ದು ಹೋಗಬೇಕು. ಆದರೆ ಭಾನುವಾರ ಸಂಜೆ ಸೀಟಿಯ ಸದ್ದಿಲ್ಲ. ಸಾಹೇಬರು ತಲೆ ಬಾಚಿ, ಇಸ್ತ್ರಿಯ ಅಂಗಿ ತೊಟ್ಟು, ಗೇಟಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಾರೆ. ಶಿಬಿರದಲ್ಲಿ ಅದು ಅಪ್ಪ ಅಮ್ಮ ನೋಡಲು ಬರುವ ಹೊತ್ತು. ಇವರಿಗೆ ಮಾತ್ರ ಯಾರೂ ಬರುತ್ತಿರಲಿಲ್ಲ. ಇದು ತಿಳಿದಂದಿನಿಂದ ಹೆಂಡತಿ ಹಿಂದಿನ ಬಾಗಿಲಿಂದ ಹೊರಟು, ಬೀದಿ ಸುತ್ತಿ, ಬಿಸ್ಕತ್ತಿನ ಪೊಟ್ಟಣ ಹಿಡಿದು ಗೇಟಿಗೆ ಬರುತ್ತಾಳೆ. "ಕಾದು ಬಹಳ ಹೊತ್ತಾಯ್ತಾ?" ಎನ್ನುತ್ತಾಳೆ. "ಇಲ್ಲ ಕಣೇ, ಈಗ ತಾನೇ ಕೂತೆ" ಎಂದು ಸಾಹೇಬರು ಸರಿದು ಜಾಗ ಕೊಡುತ್ತಾರೆ.