ನಟ್ಟಿನ ಮೇಲಿನ ಅರ್ಧ ಗೆರೆ

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಆ ಮೆಕ್ಯಾನಿಕ್ಕಿನ ಶೆಡ್ಡಿನ ಬಾಗಿಲು ನೀಲಿಯೋ ಹಸಿರೋ, ನಾನು ಬಿದ್ದದ್ದು ಬುಧವಾರವೋ ಗುರುವಾರವೋ, ಆಣೆಯಿಟ್ಟು ಹೇಳಲಾರೆ. ಐದು ವರ್ಷಗಳಲ್ಲಿ ನೆನಪು ತನಗೆ ಅನುಕೂಲವಾದ ಕಡೆಯೆಲ್ಲ ತೇಪೆ ಹಾಕಿಕೊಂಡಿರುತ್ತದೆ. ಆದರೆ ಆ ಕೆಂಪು ಗೆರೆಯ ವಿಷಯದಲ್ಲಿ ಇನ್ನು ಯಾರ ಮಾತಿಗೂ ಬಗ್ಗುವುದಿಲ್ಲ, ನನ್ನ ಹಳೆಯ ಮಾತಿಗೂ.

ಹೋದ ಭಾನುವಾರ ಚನ್ನರಾಯಪಟ್ಟಣದಲ್ಲಿ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಅವರ ಮಗಳು ಕಾಲುಗುರಿಗೆ ನೇಲ್ ಪಾಲಿಷ್ ಹಚ್ಚಿಕೊಳ್ಳುತ್ತಾ ಕುಳಿತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಗ್ರೀಸು ಮೆತ್ತಿದ ಎರಡು ದಪ್ಪ ಬೆರಳುಗಳು ಕಣ್ಣೆದುರು ಬಂದವು. ಅವುಗಳ ನಡುವೆ ಒಂದು ಪುಟ್ಟ ಸೀಸೆ...

ಹೊಳೆನರಸೀಪುರದಲ್ಲಿ, ಅರಕಲಗೂಡು ರಸ್ತೆಯ ಪಕ್ಕ, ಅವರ ಶೆಡ್ಡಿತ್ತು. ಬೈಕ್ ಮೆಕ್ಯಾನಿಕ್. ಯಾವ ಗಾಡಿ ಬಂದರೂ ಮೊದಲು ಎಂಜಿನ್ ಸ್ಟಾರ್ಟ್ ಮಾಡುತ್ತಿರಲಿಲ್ಲ. ಸೀಟಿನ ಮೇಲೆ ಕೈಯಿಟ್ಟು ಹತ್ತು ಹೆಜ್ಜೆ ತಳ್ಳಿಕೊಂಡು ನಡೆಯುತ್ತಿದ್ದರು, ತಲೆ ಒಂದು ಕಡೆ ವಾಲಿಸಿ, ಚಕ್ರ ಏನು ಹೇಳುತ್ತದೆ ಎಂದು ಕೇಳಿಸಿಕೊಳ್ಳುವವರಂತೆ. ಕೆಲಸ ಮುಗಿದ ಮೇಲೆ ತಾವು ಬಿಗಿ ಮಾಡಿದ ಮುಖ್ಯ ನಟ್ಟುಗಳ ಮೇಲೆಲ್ಲ ಕೆಂಪು ನೇಲ್ ಪಾಲಿಷ್‌ನಿಂದ ಒಂದೊಂದು ಗೆರೆ ಎಳೆಯುತ್ತಿದ್ದರು. ಗೆರೆ ನಟ್ಟಿನ ಮೇಲೆ ಶುರುವಾಗಿ ಅದರ ಪಕ್ಕದ ಭಾಗದ ಮೇಲೆ ಮುಗಿಯಬೇಕು. ಬೇರೆ ಯಾರಾದರೂ ನಟ್ಟು ತಿರುಗಿಸಿದರೆ ಗೆರೆ ಮುರಿಯುತ್ತದೆ.

ಮೊದಲ ಸಲ ನೋಡಿದಾಗ ನಕ್ಕಿದ್ದೆ. ಅವರು ತಲೆ ಎತ್ತದೆ ಹೇಳಿದ್ದರು: "ನಮ್ಮನೆಯವ್ಳಿಗೆ ತಂದಿದ್ದು. ಹಚ್ಕಳಕ್ಕೆ ಪುರುಸೊತ್ತಿಲ್ಲ ಅಂದ್ಲು. ಗಾಡಿಗಾದ್ರೂ ಇರ್ಲಿ ಬುಡಿ. ಇದು ನನ್ ರುಜು ಕಣಮ್ಮ."

ನಾನು ಆಗ ಅರಕಲಗೂಡಿನ ಕಾಲೇಜಿಗೆ ಪಾಠ ಮಾಡಲು ಹೋಗಿಬರುತ್ತಿದ್ದದ್ದು ಚಿಕ್ಕಪ್ಪ ಕೊಟ್ಟ ಹಳೆಯ ಬೈಕಿನಲ್ಲಿ. ಚಿಕ್ಕಪ್ಪ ಒಂದೇ ಮಾಡೆಲ್ಲಿನ ಎರಡು ಗಾಡಿಗಳನ್ನು ಒಟ್ಟಿಗೇ ಕೊಂಡಿದ್ದರು. ಒಂದನ್ನು ತಾವೇ ಇಟ್ಟುಕೊಂಡು ಬಾಗೂರಿನ ಸಂತೆಗೂ ತೋಟಕ್ಕೂ ಓಡಿಸಿದರು, ಇನ್ನೊಂದು ನನಗೆ ಬಂತು. ಆರ್‌ಸಿ ಮಾತ್ರ ಅವರ ಹೆಸರಿನಲ್ಲೇ ಉಳಿಯಿತು. ಹದಿನೈದು ವರ್ಷ ತುಂಬಿದ ಮೇಲೆ ಎರಡೂ ಗಾಡಿಗಳನ್ನು ಹಾಸನಕ್ಕೆ ಒಯ್ದು, ತಪಾಸಣೆ ಮಾಡಿಸಿ, ಇನ್ನೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕಾಯಿತು.

ತಪಾಸಣೆಗೆ ಮೊದಲು ನನ್ನ ಗಾಡಿಯ ಹಿಂದಿನ ಬ್ರೇಕಿಗೆ ಮೆಕ್ಯಾನಿಕ್ ಹೊಸ ಶೂ, ಅಂದರೆ ಚಕ್ರವನ್ನು ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿ, ಹಾಕಿದರು. ಆ ಶೂಗಳನ್ನು ಹೊತ್ತ ಬ್ರೇಕ್ ಪ್ಲೇಟನ್ನು ಹಿಡಿದಿಡುವ ನಟ್ಟು ಬಿಗಿದು, ನಟ್ಟಿನಿಂದ ಪ್ಲೇಟಿನ ಮೇಲಕ್ಕೆ ಗೆರೆ ಎಳೆದರು. ಪಾಸಾಗುತ್ತದೆಯೇ ಎಂದು ಕೇಳಿದೆ.

"ಪಾಸು ಫೇಲು ಮಾಡಕ್ಕೆ ನಾನೇನ್ ಮೇಷ್ಟ್ರಾ? ಅದು ನಿಮ್ ಕೆಲ್ಸ. ಬ್ರೇಕ್ ಇಡ್ಕತ್ತದೆ, ಅಷ್ಟು ಯೋಳ್ತೀನಿ. ಆಸನದಿಂದ ಬಂದ್ಮೇಲೆ ಒಂದ್ಕಿತ ತಂದ್ ತೋರ್ಸಿ."

ಆರ್‌ಸಿ ತಮ್ಮದಾದ್ದರಿಂದ ಚಿಕ್ಕಪ್ಪನೇ ಗಾಡಿ ಒಯ್ದರು. ಪಾಸಾಯಿತು. ಪರೀಕ್ಷಿಸಿದ ಅಧಿಕಾರಿಯ ಮೇಲೆ ನನಗೆ ದೂರಿಲ್ಲ. ಆ ದಿನ ಅವರೆದುರು ಬ್ರೇಕ್ ಹಿಡಿದಿದೆ, ಹಿಡಿಯುತ್ತದೆ ಎಂದು ಬರೆದಿದ್ದಾರೆ. ಆಮೇಲೆ ಗಾಡಿ ಹತ್ತು ದಿನ ಚಿಕ್ಕಪ್ಪನ ಮನೆಯಲ್ಲೇ ಇತ್ತು. ಆ ನಡುವೆ ಅವರ ಗಾಡಿಯೂ ಹಾಸನಕ್ಕೆ ಹೋಗಿ ಪಾಸಾಗಿ ಬಂತು. ಕೊನೆಗೆ ಚಿಕ್ಕಪ್ಪ ನನ್ನದನ್ನು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ, ಕಾಫಿ ಕುಡಿದು ಹೋದರು.

ಮಾರನೆಯ ದಿನವೇ ಬ್ರೇಕ್ ಪೆಡಲ್ ಆಳಕ್ಕೆ ಇಳಿಯುತ್ತಿದೆ ಅನ್ನಿಸಿತ್ತು. ಮೆಕ್ಯಾನಿಕ್ಕಿಗೆ ತೋರಿಸಲಿಲ್ಲ. ಪಾಸಾಗಿದೆಯಲ್ಲ ಅಂದುಕೊಂಡೆ. ಓದಿದವಳು, ದಿನಾ ಶೆಡ್ಡಿನ ಮುಂದೆಯೇ ಹಾದುಹೋಗುತ್ತಿದ್ದವಳು, ಸರ್ಟಿಫಿಕೇಟಿನ ಮಾತು ನಂಬಿ ನನ್ನ ಕಾಲಿನ ಮಾತು ಬಿಟ್ಟೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಅರಕಲಗೂಡಿನ ಕಡೆಯ ಒಂದು ಇಳಿಜಾರಿನಲ್ಲಿ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ಅಡ್ಡ ನಿಂತಿತ್ತು. ಪೆಡಲ್ ಪೂರ್ತಿ ತುಳಿದೆ. ಗಾಡಿ ಹೋಗುತ್ತಲೇ ಇತ್ತು. ಮುಂದಿನ ಬ್ರೇಕ್ ಹಿಡಿದೆನೋ ಇಲ್ಲವೋ... ಚರಂಡಿಗೆ ತಿರುಗಿಸಿದ್ದು ನೆನಪಿದೆ. ಬಲಗೈ ಮಣಿಕಟ್ಟು ಮುರಿಯಿತು.

ಸಂಜೆ ಕೈಗೆ ಪಟ್ಟಿ ಹಾಕಿಸಿಕೊಂಡು ಜಗಲಿಯಲ್ಲಿ ಕುಳಿತಿದ್ದೆ. ಸುದ್ದಿ ತಿಳಿದು ಚಿಕ್ಕಪ್ಪ ಬಂದಿದ್ದರು. ಮೆಕ್ಯಾನಿಕ್ಕೂ ಬಂದರು. ನೇರವಾಗಿ ಅಂಗಳದಲ್ಲಿದ್ದ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಿಂದಿನ ಚಕ್ರ ನೋಡಿದರು.

"ಮೇಡಮ್ಮೋರೆ, ಒಂದ್ಕಿತ ಬಂದ್ ನೋಡಿ. ನಟ್ಟಿನ್ ಮ್ಯಾಲೆ ನನ್ ಗೆರೆ ಐತೆ, ಪ್ಲೇಟಿನ್ ಮ್ಯಾಲಿಲ್ಲ. ಈ ಪ್ಲೇಟು ನಾನಾಕಿದ್ದಲ್ಲ. ಯಾರೋ ಬಿಚ್ಚವ್ರೆ."

ಚಿಕ್ಕಪ್ಪ ಕೂತಲ್ಲಿಂದಲೇ ನಕ್ಕರು. "ಏನ್ಲಾ, ಆಸನದಾಗೆ ಪಾಸಾಗಿರೋ ಗಾಡಿಗೆ ಉಗುರ್ ಬಣ್ಣ ತೋರ್ಸಕ್ ಬಂದ್ಯಾ? ಸರ್ಕಾರದ್ ಕಾಗ್ದ ನಂಬಾನಾ, ನಿನ್ ಬಣ್ಣ ನಂಬಾನಾ?"

"ಕಾಗ್ದ ಬ್ರೇಕ್ ಇಡ್ಯಾಕಿಲ್ಲ ಕಣ್ ಗೌಡ್ರೆ," ಎಂದರು ಮೆಕ್ಯಾನಿಕ್, ಎದ್ದೇಳದೆ.

ಇಬ್ಬರೂ ನನ್ನ ಮುಖ ನೋಡಿದರು. ಗಾಡಿ ಹತ್ತು ಹೆಜ್ಜೆ ದೂರದಲ್ಲಿತ್ತು. ಎದ್ದು ಹೋಗಿ ನೋಡಬಹುದಿತ್ತು. ಮುರಿದದ್ದು ಕೈ, ಕಾಲಲ್ಲ. ನಾನು ಹೇಳಿದ್ದು ಇಷ್ಟು: "ಬಿಡಿ, ಕೆಲಸದ ಗಡಿಬಿಡಿಯಲ್ಲಿ ನೀವೇ ಮರೆತಿರಬಹುದು."

ಮೆಕ್ಯಾನಿಕ್ ಎದ್ದು ನಿಂತರು. ಕೈ ಒರೆಸಿಕೊಂಡು ಹೋದರು. ಅಂದಿನ ದಿನಚರಿಯಲ್ಲಿ, ತಾರೀಖೂ ಇಲ್ಲದೆ, ಎಡಗೈಯ ಸೊಟ್ಟ ಅಕ್ಷರದಲ್ಲಿ ಹೀಗಿದೆ: "ಬಿದ್ದೆ. ಮೆಕ್ಯಾನಿಕ್ ತಪ್ಪು." ನೆನಪನ್ನು ನಂಬಬಾರದೆಂದು ದಿನಚರಿ ಬರೆಯುವವಳು ನಾನು. ಅದರಲ್ಲೇ ಸುಳ್ಳು ಬರೆದಿಟ್ಟೆ.

ಆ ಮಾತು ಮನೆಯೊಳಗೆ ಉಳಿಯಲಿಲ್ಲ. ಶೆಡ್ಡಿನ ಪಕ್ಕದ ಟೀ ಅಂಗಡಿಯಲ್ಲಿ ಅವರಿಗೆ "ಮೇಡಮ್ಮನ್ ಬೀಳಿಸ್ದೋನು" ಎಂಬ ಹೆಸರು ಬಿತ್ತು. ಶೆಡ್ಡಿನ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಗಾಡಿಗಳು ಎರಡು ಮೂರಕ್ಕೆ ಇಳಿದವು. ನಾನೂ ಬೇರೆ ಕಡೆ ರಿಪೇರಿ ಮಾಡಿಸಿಕೊಂಡು, ಆ ಶೆಡ್ಡಿನ ಮುಂದೆ ಮುಖ ತಿರುಗಿಸಿಕೊಂಡು ಓಡಾಡಿದೆ. ಎರಡು ವರ್ಷದ ಹಿಂದೆ ಅವರು ಕಾಯಿಲೆಯಿಂದ ತೀರಿಕೊಂಡರು. ಮಣ್ಣಿಗೆ ನಾನು ಹೋಗಲಿಲ್ಲ. ಅಲ್ಲೀಗ ಫ್ಲೆಕ್ಸ್ ಅಂಗಡಿಯಿದೆ.

ಈಗ ಮತ್ತೆ ಐದು ವರ್ಷ ತುಂಬಿತು. ಈ ಸಲ ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡು ನಾನೇ ಹಾಸನಕ್ಕೆ ಒಯ್ಯಬೇಕು ಅಂದುಕೊಂಡು, ಚಿಕ್ಕಪ್ಪನ ಸಹಿಗಾಗಿ ಚನ್ನರಾಯಪಟ್ಟಣಕ್ಕೆ ಹೋದದ್ದು. ನೇಲ್ ಪಾಲಿಷ್ ಘಾಟು ಬಡಿದ ಮೇಲೆ ಜಗಲಿಯಲ್ಲಿ ಕೂರಲಾಗಲಿಲ್ಲ. ಹಿತ್ತಲ ಕೊಟ್ಟಿಗೆಗೆ ಹೋದೆ. ಚಿಕ್ಕಪ್ಪನ ಬೈಕು ಗೋಣಿಚೀಲದ ಕೆಳಗೆ ನಿಂತಿತ್ತು. ಹಿಂದಿನ ಚಕ್ರದ ಧೂಳನ್ನು ಸೆರಗಿನಿಂದ ಒರೆಸಿದೆ. ನಟ್ಟು ಬೋಳಾಗಿತ್ತು. ಬ್ರೇಕ್ ಪ್ಲೇಟಿನ ಮೇಲೆ ಅರ್ಧ ಕೆಂಪು ಗೆರೆ ಇತ್ತು.

ಆಗಲೂ ನನ್ನನ್ನು ನಾನು ನಂಬಲಿಲ್ಲ. ಚಿಕ್ಕಪ್ಪನ ಮಗಳ ಸೀಸೆಯದ್ದೇ ಚೆಲ್ಲಿರಬಹುದೇ? ಅವಳು ಹಚ್ಚುತ್ತಿದ್ದದ್ದು ನೇರಳೆ ಬಣ್ಣ. ಆ ಮೆಕ್ಯಾನಿಕ್ಕಿನ ಶೆಡ್ಡಿಗೆ ಚಿಕ್ಕಪ್ಪನ ಗಾಡಿ ಒಂದು ದಿನವೂ ಹೋದದ್ದಿಲ್ಲ. ಫೋಟೋ ತೆಗೆದುಕೊಂಡೆ. ಮನೆಗೆ ಬಂದು ನನ್ನ ಗಾಡಿಯ ನಟ್ಟನ್ನು ಸೀಮೆಎಣ್ಣೆಯಲ್ಲಿ ಉಜ್ಜಿದೆ. ಗ್ರೀಸಿನಡಿಯಿಂದ ಉಳಿದರ್ಧ ಗೆರೆ ಎದ್ದುಬಂತು. ಅದರದ್ದೂ ಫೋಟೋ ತೆಗೆದೆ.

ಸೋಮವಾರ ಆ ಟೀ ಅಂಗಡಿಗೆ ಹೋಗಿ, ಕೂತಿದ್ದವರೆಲ್ಲರ ಎದುರು ಎರಡು ಫೋಟೋಗಳನ್ನೂ ತೋರಿಸಿ ಹೇಳಿದೆ: ನಾನು ಬಿದ್ದದ್ದು ಅವರ ತಪ್ಪಿನಿಂದಲ್ಲ, ಅವರ ಮೇಲೆ ತಪ್ಪು ಹೊರಿಸಿದವಳು ನಾನು. ಒಬ್ಬರು, "ಸತ್ತೋದ್ ಮನ್ಸ, ಈಗ್ಯಾಕಮ್ಮ?" ಎಂದರು. ಸತ್ತದ್ದು ಮನುಷ್ಯ, ಬಿದ್ದ ಹೆಸರು ಇನ್ನೂ ನಿಮ್ಮ ಬಾಯಲ್ಲಿದೆ ಎಂದೆ. ದಿನಚರಿಯ ಆ ಸಾಲನ್ನು ಹೊಡೆದುಹಾಕಿಲ್ಲ. ಅದರ ಕೆಳಗೆ ಬಲಗೈಯಲ್ಲಿ ಬರೆದಿದ್ದೇನೆ: "ಸುಳ್ಳು." ಅವರಿಗೇ ಹೇಳಬೇಕಿದ್ದ ಮಾತು ಮಾತ್ರ ಇನ್ನು ತಲುಪುವುದಿಲ್ಲ...

ಈಗ ಗಾಡಿ ನೋಡುವ ಮೆಕ್ಯಾನಿಕ್, ತಪಾಸಣೆ ದಿನಕ್ಕೆ ಬೇರೆ ಗಾಡಿಯ ಒಳ್ಳೆಯ ಚಕ್ರ ಹಾಕಿಕೊಡುತ್ತೇನೆ, ಆಮೇಲೆ ವಾಪಸು ಮಾಡಿ ಎಂದ. ಬೇಡ ಎಂದೆ. ಹೊಸ ಶೂ ಹಾಕಿಸಿ, ನಾನೇ ಗೆರೆ ಎಳೆದಿದ್ದೇನೆ. ನಪಾಸಾಗುವುದಾದರೆ ತನ್ನ ಚಕ್ರದ ಮೇಲೆಯೇ ನಪಾಸಾಗಲಿ.

ಚಿಕ್ಕಪ್ಪ ಆ ಭಾನುವಾರ ಸಹಿ ಹಾಕಿಕೊಟ್ಟರು. ಕೊಟ್ಟಿಗೆಯಿಂದ ಬಂದು, ಕಾಗದ ಕೈಗೆ ತೆಗೆದುಕೊಳ್ಳುವ ಮೊದಲು, ನಾನು ಒಂದೇ ಪ್ರಶ್ನೆ ಕೇಳಿದ್ದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ ತೋಟದ ಕಡೆ ಎದ್ದು ಹೋದರು. ಆಮೇಲೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ನಾಳೆಯೂ ಮಾಡುತ್ತೇನೆ, ಇದನ್ನೇ ಕೇಳುತ್ತೇನೆ:

"ಚಿಕ್ಕಪ್ಪ, ಆ ವಾರ ನಿಮ್ಮ ಗಾಡಿ ಪಾಸಾದದ್ದು ಯಾರ ಬ್ರೇಕಿನಲ್ಲಿ?"